ಒಣಗದ ಟ್ಯಾಕ್ಸಿ

ಹೊಳೆ ದಂಡೆಯಲ್ಲಿ ಒಂದು ಆಶ್ರಮವಿತ್ತು. ಇರಲೇ ಇಲ್ಲ ಅನ್ನುವವರೂ ಇದ್ದಾರೆ. ಅವರು ಆಚೆ ದಂಡೆಯಲ್ಲಿ ಹುಡುಕಿದವರು.

ಅಲ್ಲಿ ಮರುಳಯ್ಯ ಎಂಬ ಗುರುಗಳಿದ್ದರು. ಹಿಂದೆ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದರು ಎಂದು ಕೆಲವರು, ಹಿಮಾಲಯದಲ್ಲಿ ಹನ್ನೆರಡು ವರ್ಷ ತಪಸ್ಸಿಗೆ ಕೂತಿದ್ದರು ಎಂದು ಕೆಲವರು ಹೇಳುತ್ತಾರೆ. ಎರಡನ್ನೂ ಮೊದಲು ಹೇಳಿದವರು ಗುರುಗಳೇ.

ಬಂದ ಶಿಷ್ಯರಿಗೆ ಅವರು ಮಂತ್ರ ಕೊಡುತ್ತಿರಲಿಲ್ಲ. ಒಂದು ಚಿಮಟ, ಒಂದು ಸಣ್ಣ ಚಾಕು, ಒಂದು ಡಬ್ಬಿ ಅಂಟು ಕೊಟ್ಟು, “ಕೂತ್ಕೊ, ಒಂದು ಕಾರು ಮಾಡು” ಅನ್ನುತ್ತಿದ್ದರು.

ಕಾರೆಂದರೆ ಗೇಣುದ್ದದ ಕಾರು. ನಿಜವಾದ ಕಾರಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಬಿಡಿಭಾಗಗಳು ಪೇಟೆಯಿಂದ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಅವನ್ನು ಕೊಯ್ದು, ಉಜ್ಜಿ, ಅಂಟಿಸಿ, ತನ್ನ ಮನಸ್ಸಿನಲ್ಲಿರುವ ಒಂದೇ ಒಂದು ಕಾರನ್ನಾಗಿ ತಿದ್ದುವುದು ಶಿಷ್ಯನ ಸಾಧನೆ.

ಸಾವಂತ್ರಕ್ಕ ಎಂಬ ಶಿಷ್ಯೆ ತನ್ನ ಮದುವೆಯ ದಿನದ ಕಾರು ಮಾಡಿದ್ದಳು. ಬಾನೆಟ್ಟಿನ ಮೇಲಿನ ಮಲ್ಲಿಗೆ ಮಾಲೆಯನ್ನು ರವೆ ಕಾಳಿನಲ್ಲಿ ಪೋಣಿಸಿದ್ದಳು. ಗಂಡನನ್ನು ಮಾತ್ರ ಒಳಗೆ ಕೂರಿಸಿರಲಿಲ್ಲ. “ಜಾಗ ಸಾಲಲಿಲ್ಲ” ಅನ್ನುತ್ತಿದ್ದಳು.

ಹಾಲೇಶ ಮಾಡುತ್ತಿದ್ದದ್ದು ಒಂದು ಟ್ಯಾಕ್ಸಿ.

ಹಾಲೇಶನಿಗೆ ನಲವತ್ತನಾಲ್ಕು. ಕೈ ಸುಮ್ಮನಿರುವ ಜಾಯಮಾನವಲ್ಲ. ಕೈ ಸುಮ್ಮನಿದ್ದರೆ ಎದೆ ಹೊಡೆದುಕೊಳ್ಳುತ್ತಿತ್ತು. ಎದೆಯೂ ಸುಮ್ಮನಾದರೆ, ಯಾಕಿಷ್ಟು ಸುಮ್ಮನಿದೆ ಎಂದು ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದ.

ದಿನಾ ಹನ್ನೊಂದು ಗಂಟೆಗೆ ಆಚೆ ದಂಡೆಯಲ್ಲಿ ಒಂದು ಬಸ್ಸಿನ ಹಾರನ್ನು ಕೇಳುತ್ತಿತ್ತು. ಬಸ್ಸು ಅರಳಿಮರದಡಿ ಹತ್ತು ನಿಮಿಷ ನಿಂತು, ತಿರುಗಿಕೊಂಡು ಹೋಗುತ್ತಿತ್ತು. ಅದರ ಡ್ರೈವರು ತೀರ್ಥಲಿಂಗಪ್ಪ, ಹಾಲೇಶನ ಒಡಹುಟ್ಟಿದ ಅಣ್ಣ. ಅಣ್ಣತಮ್ಮಂದಿರು ಮಾತಾಡಿ ಹನ್ನೊಂದು ವರ್ಷವಾಗಿತ್ತು.

ಹೊಳೆ ದಾಟಲು ಹರಿಗೋಲಿತ್ತು. ಹಾಲೇಶ ಒಂದು ದಿನವೂ ಹತ್ತಿರಲಿಲ್ಲ. ಹಾರನ್ನು ಕೇಳಿದ ಕೂಡಲೇ ಚಿಮಟ ಕೆಳಗಿಟ್ಟು, ಬಸ್ಸು ಹೋದ ಮೇಲೆ ಮತ್ತೆ ಎತ್ತಿಕೊಳ್ಳುತ್ತಿದ್ದ, ಅಷ್ಟೆ.

ಒಂದು ಬೆಳಿಗ್ಗೆ ಸಾವಂತ್ರಕ್ಕ ಸಂತೆಯಿಂದ ಸುದ್ದಿ ತಂದಳು.

“ಹಾಲೇಶ, ಆ ಬಸ್ಸು ನಿಲ್ಲಿಸ್ತಾರಂತೆ ಕಣೋ. ಹುಣ್ಣಿಮೆಗೆ ಕೊನೇ ಟ್ರಿಪ್ಪು. ನಿಮ್ಮಣ್ಣ ಮಗಳ ಊರಿಗೆ ಹೋಗಿ ಇದ್ದುಬಿಡ್ತಾನಂತೆ.”

“ಯಾವ ಹುಣ್ಣಿಮೆ?”

“ಮುಂದಿನ ವರ್ಷದ್ದಲ್ಲ. ಇನ್ನು ಹನ್ನೆರಡು ದಿನಕ್ಕೆ ಬರೋದು.”

ಹಾಲೇಶ ಗುರುಗಳ ಹತ್ತಿರ ಓಡಿದ.

“ಗುರುಗಳೇ, ಹುಣ್ಣಿಮೆಯೊಳಗೆ ನನ್ನ ಟ್ಯಾಕ್ಸಿ ಮುಗಿಯಬೇಕು. ಅದನ್ನ ಅಣ್ಣನ ಕೈಗೆ ಕೊಡಬೇಕು.”

“ಮನೆಗೆ ಹೋಗಿ ಕೊಡು. ಯಾವಾಗಾದರೇನು?”

“ಮನೆ ಬಾಗಿಲು ತಟ್ಟೋ ಧೈರ್ಯ ನನಗಿಲ್ಲ. ತಟ್ಟಿದ ಮೇಲೆ ಅವನು ತೆಗೀಬೇಕಲ್ಲ. ಬಸ್ಸಿನ ಬಾಗಿಲಾದರೆ ಯಾವಾಗಲೂ ತೆಗೆದೇ ಇರುತ್ತೆ.”

ಗುರುಗಳು ತಲೆಯಾಡಿಸಿದರು.

“ಏನು ಬಾಕಿ?”

“ಟಾಪಿನ ಹಳದಿ ಒಂದೇ.”

ಅದು ನಿಜ. ಕಾರು ಕಣ್ಣಿಗೆ ಕಟ್ಟುವ ಹಾಗೆ ಬಂದಿತ್ತು. ಅಂಬಾಸಿಡರು, ಕೆಳಗೆ ಕಪ್ಪು ಒಣಗಿ ಹೊಳೆಯುತ್ತಿತ್ತು. ಎಡಗಡೆ ಮಡ್ಗಾರ್ಡಿನಲ್ಲಿ ಎಮ್ಮೆ ಗುದ್ದಿದ ತಗ್ಗು. ಹಿಂದಿನ ಬಾಗಿಲಿನ ಮುರಿದ ಹಿಡಿಗೆ ತಂತಿ ಸುತ್ತು. ಮುಂದಿನ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ. ನಿಂಬೆಹಣ್ಣು ಒಂದು ಸಾಸಿವೆ ಕಾಳು. ನಾಲ್ಕು ಬಾಗಿಲೂ ತೆರೆದು ಮುಚ್ಚುತ್ತಿದ್ದವು.

ಹಳದಿ ಮಾತ್ರ ನಿಲ್ಲುತ್ತಿರಲಿಲ್ಲ. ಬಣ್ಣದ ತಪ್ಪಲ್ಲ, ಬೆರಳಿನ ತಪ್ಪು.

ಆಶ್ರಮದಲ್ಲೊಂದು ಪದ್ಧತಿಯಿತ್ತು. ಕಾರಿಗೆ ಬಣ್ಣ ಹೊಡೆಯುವಾಗ ಅದೇ ಬಣ್ಣವನ್ನು ಅದೇ ಹೊತ್ತಿಗೆ ಒಂದು ಚಮಚದ ಬೆನ್ನಿಗೂ ಹೊಡೆಯಬೇಕು. ಒಣಗಿತೋ ಇಲ್ಲವೋ ಎಂದು ಅನುಮಾನ ಬಂದರೆ ಚಮಚ ಮುಟ್ಟಬೇಕು, ಕಾರು ಮುಟ್ಟಕೂಡದು. ಹೀಗಾಗಿ ಆಶ್ರಮದ ತುಂಬ ಬಣ್ಣಬಣ್ಣದ ಚಮಚಗಳು. ಪಾಯಸದ ದಿನ ಮಾತ್ರ ಒಂದೂ ಸಿಗುತ್ತಿರಲಿಲ್ಲ.

ಹಾಲೇಶ ಆ ಪದ್ಧತಿ ಒಪ್ಪುವವನಲ್ಲ.

“ಚಮಚ ಒಣಗಿದರೆ ಚಮಚ ಒಣಗಿತು. ಕಾರಿನ ಗತಿ ಏನು? ಅದನ್ನ ಮುಟ್ಟದೆ ಹೇಗೆ ಗೊತ್ತಾಗುತ್ತೆ?”

ಬಣ್ಣ ಹೊಡೆದು ಅರ್ಧ ಗಂಟೆಗೆ ಮುಟ್ಟುತ್ತಿದ್ದ. ಬೆರಳಚ್ಚು ಬೀಳುತ್ತಿತ್ತು. ಥಿನ್ನರಿನಲ್ಲಿ ತೊಳೆದು, ಉಜ್ಜಿ, ಮತ್ತೆ ಹೊಡೆಯುತ್ತಿದ್ದ. ಈ ಸಲ ತಾಳ್ಮೆಯಿಂದ ಮುಕ್ಕಾಲು ಗಂಟೆಗೆ ಮುಟ್ಟುತ್ತಿದ್ದ.

ನಾಲ್ಕು ದಿನದಲ್ಲಿ ನಾಲ್ಕು ಸಲ ಹೀಗಾಯಿತು. ನಾಲ್ಕನೆಯ ಸಲ ತೊಳೆಯುವಾಗ ಅವನ ಕಣ್ಣಲ್ಲಿ ನೀರಿತ್ತು.

“ಥಿನ್ನರಿನ ಘಾಟು” ಎಂದ.

“ಹೌದ್ಹೌದು” ಎಂದಳು ಸಾವಂತ್ರಕ್ಕ. “ನನಗೂ ನನ್ನ ಮದುವೆ ದಿನ ಹಾಗೇ ಆಗಿತ್ತು.”

ಅಂದು ಮಧ್ಯಾಹ್ನ ಗುರುಗಳು ಅವನನ್ನು ಕರೆದು ಎದುರಿಗೆ ಕೂರಿಸಿಕೊಂಡರು.

“ಅಣ್ಣ ಯಾಕೆ ಮಾತು ಬಿಟ್ಟ?”

ಹಾಲೇಶ ಚಾಪೆಯ ಕಡ್ಡಿ ಕೀಳುತ್ತ ಕೂತ.

“ಅಣ್ಣನದು ಒಂದು ಟ್ಯಾಕ್ಸಿ ಇತ್ತು. ಇದೇ ಟ್ಯಾಕ್ಸಿ. ಅದರಲ್ಲೇ ಮನೆ ನಡೀತಿತ್ತು. ನಾನು ಆಗ ತಾನೆ ಗ್ಯಾರೇಜಿಗೆ ಸೇರಿದ್ದೆ. ಅಣ್ಣನ ಕಾರಿನಲ್ಲಿ ಕೂತಾಗ ಕಿರ್ ಅಂತ ಒಂದು ಸದ್ದು ಬರ್ತಿತ್ತು.”

“ಅಣ್ಣನಿಗೆ ಕೇಳ್ತಿತ್ತಾ?”

“ಇಲ್ಲ. ನನಗೊಬ್ಬನಿಗೇ.”

“ಆಮೇಲೆ?”

“ನಿದ್ದೆ ಬರಲಿಲ್ಲ. ಅಣ್ಣ ಊರಲ್ಲಿಲ್ಲದ ದಿನ ಎಂಜಿನ್ ಬಿಚ್ಚಿದೆ.”

“ಸದ್ದು ನಿಂತಿತಾ?”

“ಕಾರೇ ನಿಂತಿತು.”

ಗುರುಗಳು ನಗಲಿಲ್ಲ. ನಗು ಬಾರದಂತೆ ಅವರು ಮೀಸೆ ಹಿಡಿದುಕೊಂಡಿದ್ದರು ಎಂದು ಸಾವಂತ್ರಕ್ಕ ಆಮೇಲೆ ಹೇಳಿದಳು.

“ಜೋಡಿಸಲಿಲ್ವಾ?”

“ಜೋಡಿಸಿದೆ. ಮೂರು ಬೋಲ್ಟು ಉಳಿದವು. ಸರಿಯಾಗಲಿಲ್ಲ ಅಂತ ಮತ್ತೆ ಬಿಚ್ಚಿ ಜೋಡಿಸಿದೆ. ಐದು ಉಳಿದವು. ಒಂದು ಮಳೆಗಾಲ ಇಡೀ ಇದೇ ಆಯ್ತು. ಕೊನೆಗೆ ಗುಜರಿಯವನು ಬಂದು ತಗೊಂಡು ಹೋದ. ಅಣ್ಣ ಯಾರದೋ ಬಸ್ಸು ಓಡಿಸೋಕೆ ಸೇರಿಕೊಂಡ.”

“ಬೈದನಾ?”

“ಬೈದಿದ್ದರೆ ಸರಿಹೋಗ್ತಿತ್ತು ಗುರುಗಳೇ. ಏನೂ ಅನ್ನಲಿಲ್ಲ. ನಾನು ದಿನಾ ಕೇಳ್ತಿದ್ದೆ. ‘ಅಣ್ಣ, ಸಿಟ್ಟಾ? ಅಣ್ಣ, ಇನ್ನೂ ಸಿಟ್ಟಾ?’ ಬೆಳಿಗ್ಗೆ ಕೇಳ್ತಿದ್ದೆ, ಸಂಜೆ ಕೇಳ್ತಿದ್ದೆ. ಉಣ್ಣೋಕೆ ಕೂತರೆ ಎದುರಿಗೆ ಹೋಗಿ ಕೂತು ಕೇಳ್ತಿದ್ದೆ. ಒಂದು ದಿನ ತಟ್ಟೆ ಬಿಟ್ಟು ಎದ್ದುಹೋದ. ಅಲ್ಲಿಂದ ಮಾತಿಲ್ಲ.”

ಹೊಳೆಯ ಮೇಲಿಂದ ಗಾಳಿ ಬಂತು.

“ಆ ಕಿರ್ ಅನ್ನೋ ಸದ್ದು ಈಗಲೂ ಕೇಳುತ್ತಾ?”

“ಆಗಾಗ.”

“ಕಾರು ಗುಜರಿಗೆ ಹೋಗಿ ಹನ್ನೊಂದು ವರ್ಷ ಆಯ್ತಲ್ಲಪ್ಪ.”

“ಅದೇ ನನಗೂ ಭಯ” ಎಂದ ಹಾಲೇಶ.

ಗುರುಗಳು ಎದ್ದರು. “ತಗೊಂಡು ಬಾ ಹಳದಿ. ಈ ಸಲ ನಾನು ಹೊಡೀತೀನಿ.”

ಅವರು ಉಸಿರು ಬಿಗಿಹಿಡಿದು ಬಣ್ಣ ಹೊಡೆದರು. ಹಾಲೇಶನೂ ಬಿಗಿಹಿಡಿದ, ಬೇಕಿಲ್ಲದಿದ್ದರೂ. ಟಾಪು ಮಾಗಿದ ಬಾಳೆಹಣ್ಣಿನ ಹಾಗೆ ಹಳದಿಯಾಯಿತು. ಒಂದು ಗೆರೆಯಿಲ್ಲ, ಒಂದು ಗುಳ್ಳೆಯಿಲ್ಲ.

“ಒಣಗೋಕೆ ಎಷ್ಟು ಹೊತ್ತು ಗುರುಗಳೇ?”

“ನೀನು ನೋಡ್ತಿದ್ದರೋ, ನೋಡದಿದ್ದರೋ?”

ಹಾಲೇಶ ಟಾಪಿನ ಮೇಲೇ ಕಣ್ಣಿಟ್ಟು ಕೂತ. “ಹೋಗಿ ಕುಡಿಯೋಕೆ ನೀರು ತಗೊಂಡು ಬಾ” ಎಂದರು ಗುರುಗಳು.

ಅವನು ನೀರು ತರುವಷ್ಟರಲ್ಲಿ ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆಯಿತ್ತು. ಮುಚ್ಚಳಕ್ಕೆ ದಾರ ಕಟ್ಟಿತ್ತು. ಗಂಟು ಸಡಿಲವಾಗಿತ್ತು.

“ಇದನ್ನ ನಿನ್ನ ಹತ್ತಿರವೇ ಇಟ್ಟುಕೊ. ಹುಣ್ಣಿಮೆ ದಿನ ಬಿಚ್ಚು. ಇನ್ನು ಎಂಟೇ ದಿನ.”

“ನನ್ನ ಹತ್ತಿರವಾ? ಬೇಡ ಗುರುಗಳೇ. ನೀವೇ ಇಟ್ಟುಕೊಳ್ಳಿ.”

“ಯಾಕೆ?”

“ನನಗೆ ನನ್ನ ಗುಣ ಗೊತ್ತು.”

“ನನಗೂ ಗೊತ್ತು” ಎಂದು ಗುರುಗಳು ಪೆಟ್ಟಿಗೆಯನ್ನು ಅವನ ಕೈಯಲ್ಲಿಟ್ಟರು.

ಮೊದಲ ದಿನ ಹಾಲೇಶ ಪೆಟ್ಟಿಗೆಯನ್ನು ಚಾಪೆಯ ತಲೆದೆಸೆಯಲ್ಲಿಟ್ಟು, ಅದಕ್ಕೆ ಬೆನ್ನು ಹಾಕಿ ಕೂತ. ಬೆನ್ನು ಉರಿಯಿತು.

ಎರಡನೆಯ ದಿನ ಕಿವಿಯಿಟ್ಟು ಕೇಳಿದ. ಬಣ್ಣ ಒಣಗುವ ಸದ್ದು ಕೇಳಿಸಲಿಲ್ಲ.

ಮೂರನೆಯ ದಿನ ಆಚೆ ದಂಡೆಯಲ್ಲಿ ಹಾರನ್ನು ಕೇಳಿತು. ಇನ್ನು ಐದು ದಿನ. ಪೆಟ್ಟಿಗೆಯಲ್ಲಿ ಗಾಳಿಯಿಲ್ಲದೆ ಬಣ್ಣ ಹಸಿಯಾಗಿಯೇ ಉಳಿದಿದ್ದರೆ? ಹುಣ್ಣಿಮೆ ದಿನ ಗೊತ್ತಾಗಿ ಏನು ಪ್ರಯೋಜನ? ಈಗಲೇ ಗೊತ್ತಾದರೆ ಏನಾದರೂ ಮಾಡಬಹುದಲ್ಲ?

ದಾರ ಬಿಚ್ಚಲಿಲ್ಲ. ಬಿಚ್ಚಬಾರದೆಂದು ಗುರುವಾಕ್ಯ. ಆದರೆ ಗಂಟು ಸಡಿಲವಿತ್ತು. ಮುಚ್ಚಳ ಒಂದು ಬೆರಳಿನಷ್ಟು ಏಳುತ್ತಿತ್ತು. ಬೆರಳು ತೂರಿಸಬಾರದೆಂದು ಗುರುಗಳು ಹೇಳಿರಲಿಲ್ಲ.

ಬೆರಳು ಒಳಗೆ ಹೋಯಿತು. ನುಣ್ಣಗೆ, ಗುಂಡಗೆ, ಟಾಪಿನ ಉಬ್ಬು ಸಿಕ್ಕಿತು.

ಅಂಟಿತು.

ಹೊರಗೆ ತೆಗೆದು ನೋಡಿದರೆ ಬೆರಳ ತುದಿ ಹಳದಿ.

ಪಂಚೆಗೆ ಒರೆಸಿ ನೋಡಿದ, ಹೋಗಲಿಲ್ಲ. ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಊಟಕ್ಕೆ ಕೂತ. ಮಡಚಿಟ್ಟ ಬೆರಳಲ್ಲಿ ಅನ್ನ ಕಲಸಲು ಬರುವುದಿಲ್ಲ.

“ಏನೋ ಅದು, ಬೆರಳಿಗೆ ಅರಿಶಿನ?” ಎಂದಳು ಸಾವಂತ್ರಕ್ಕ. “ಮದುವೆ ಗೊತ್ತಾಯ್ತಾ? ಕಾರು ಬೇಕಾದರೆ ನಂದಿದೆ.”

ಗುರುಗಳು ಮಜ್ಜಿಗೆ ಕುಡಿಯುತ್ತಿದ್ದರು. ಹಾಲೇಶ ತಡೆಯಲಾರದೆ ಕೇಳಿದ.

“ಗುರುಗಳೇ, ಹಸಿ ಬಣ್ಣಕ್ಕೆ ಬೆರಳು ತಾಗಿದರೆ, ತಾನಾಗಿಯೇ ಸಮ ಆಗುತ್ತಾ?”

“ಯಾರ ಬೆರಳು?”

“ಯಾರದೋ. ಸುಮ್ಮನೆ ಕೇಳಿದೆ.”

“ಯಾರದೋ ಬೆರಳಾದರೆ ನನಗೇನು ಗೊತ್ತು?” ಎಂದು ಗುರುಗಳು ಮಜ್ಜಿಗೆ ಮುಗಿಸಿದರು.

ನಾಲ್ಕನೆಯ ದಿನ ಅಚ್ಚು ಸಮವಾಯಿತೇ ಎಂದು ನೋಡಲು ಮತ್ತೆ ಮುಟ್ಟಿದ. ಅಂಟಿತು. ಐದನೆಯ ದಿನ ಎರಡು ಸಲ. ಆರನೆಯ ದಿನ, ಇನ್ನು ಮುಟ್ಟುವುದಿಲ್ಲ ಎಂದು ಆಣೆಯಿಟ್ಟು, ಆಣೆ ಗಟ್ಟಿಯಾಗಿದೆಯೇ ಎಂದು ನೋಡಲು ಇನ್ನೊಂದು ಸಲ. ಪ್ರತಿ ಸಲವೂ ಅಂಟಿತು. ಇದೇನು ಬಣ್ಣವೋ ಶಾಪವೋ ಅವನಿಗೆ ತಿಳಿಯದಾಯಿತು.

ಏಳನೆಯ ದಿನ ಅವನು ಊಟಕ್ಕೆ ಬರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಕೂತು ಬೆರಳನ್ನು ಕಲ್ಲಿಗೆ ಉಜ್ಜುತ್ತಿದ್ದ. ಚರ್ಮ ಸುಲಿದಿತ್ತು. ಉಗುರ ಸಂದಿಯ ಹಳದಿ ಮಾತ್ರ ಹೋಗಿರಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಹತ್ತೂವರೆಗೆ ಹರಿಗೋಲಿನವನು ಬಂದು ಕರೆದ. ಹಾಲೇಶ ಚಾಪೆಯಿಂದ ಏಳಲಿಲ್ಲ.

“ನಾನು ಹೋಗಲ್ಲ ಗುರುಗಳೇ.”

“ಯಾಕಪ್ಪ?”

“ಕಾರು ಹಾಳಾಗಿದೆ.”

“ಬಿಚ್ಚದೆ ಹೇಗೆ ಗೊತ್ತಾಯ್ತು?”

ಹಾಲೇಶ ಬೆರಳು ಮುಂದೆ ಹಿಡಿದ.

“ಒಂದು ಸಲ ಅಲ್ಲ ಗುರುಗಳೇ. ಎಷ್ಟು ಸಲ ಅಂತ ಲೆಕ್ಕ ತಪ್ಪಿದೆ. ನಿಜವಾದ ಕಾರನ್ನೂ ಕೆಡಿಸಿದೆ, ಇದನ್ನೂ ಕೆಡಿಸಿದೆ. ಈಗ ಅಣ್ಣ ಹೊರಟುಹೋಗ್ತಾನೆ.”

“ಬಿಚ್ಚು.”

“ಬೇಡ.”

“ಬಿಚ್ಚಯ್ಯಾ. ಹುಣ್ಣಿಮೆಗೆ ಬಿಚ್ಚು ಅಂದಿದ್ದೆ. ಆ ಒಂದು ಮಾತಾದರೂ ನಡೆಸು.”

ಹಾಲೇಶ ದಾರ ಎಳೆದ. ಮುಚ್ಚಳ ತೆಗೆದ. ಬಹಳ ಹೊತ್ತು ನೋಡಿದ.

ಪೆಟ್ಟಿಗೆಯಲ್ಲಿ ಕಾರಿರಲಿಲ್ಲ. ಒಂದು ಮುದ್ದೆ ಜೇಡಿಮಣ್ಣು. ಮಣ್ಣಿನಲ್ಲಿ ಬೋರಲಾಗಿ ಹುಗಿದ, ಅನ್ನ ಬಡಿಸುವ ದೊಡ್ಡ ಚಮಚ. ಅದರ ಬೆನ್ನಿಗೆ ಹಳದಿ ಬಣ್ಣ. ಬಣ್ಣದ ತುಂಬ ಬೆರಳಚ್ಚು, ಬೆರಳಚ್ಚಿನ ಮೇಲೆ ಬೆರಳಚ್ಚು.

“ಇಷ್ಟು ದಿನವಾದರೂ ಒಣಗಲಿಲ್ಲವಲ್ಲ…” ಅಂದ.

“ನೀನು ಬೆಳಿಗ್ಗೆ ಸ್ನಾನಕ್ಕೆ ಹೋದಾಗೆಲ್ಲ ಬಂದು ಒಂದು ಕೈ ಬಳೀತಿದ್ದೆ” ಎಂದರು ಗುರುಗಳು. “ನಿನ್ನ ಬೆರಳಿಗೆ ನಿರಾಸೆ ಆಗಬಾರದಲ್ಲ.”

“ನನ್ನ ಕಾರು?”

ಗುರುಗಳು ಮೇಲೆ ನೋಡಿದರು. ಹಾಲೇಶನ ಚಾಪೆಯ ನೇರ ಮೇಲೆ, ಗೋಡೆಯ ಹಲಗೆಯಲ್ಲಿ, ಒಂದು ಮಡಕೆ ಬೋರಲು ಹಾಕಿತ್ತು. ಧೂಳು ಬೀಳದಿರಲೆಂದು ಮಡಕೆ. ಗಾಳಿಯಾಡಲೆಂದು ಅಡಿಯಲ್ಲಿ ಮೂರು ಕಲ್ಲು. ಎಂಟು ದಿನ ಅವನು ಅದರ ಕೆಳಗೇ ಹೊರಳಾಡಿದ್ದ.

ಮಡಕೆ ಎತ್ತಿದರು. ಟ್ಯಾಕ್ಸಿ ನಿಂತಿತ್ತು. ಹಳದಿ ಟಾಪಿನಲ್ಲಿ ಕಿಟಕಿಯ ಬೆಳಕು ಕಾಣುತ್ತಿತ್ತು. ಒಂದು ಅಚ್ಚಿರಲಿಲ್ಲ.

ಹಾಲೇಶ ಕೈ ಚಾಚಿದ. ಅರ್ಧಕ್ಕೇ ನಿಲ್ಲಿಸಿದ.

“ಮುಟ್ಟಬಹುದಾ?”

“ಈಗ ಮುಟ್ಟದೆ ಹೇಗೆ ತಗೊಂಡು ಹೋಗ್ತೀಯ? ಓಡು, ಹರಿಗೋಲು ಹೊರಡುತ್ತೆ.”

ಹೊಳೆಯ ನಡುವೆ ಹಾಲೇಶ ಕಾರನ್ನು ಎದೆಗವಚಿ ಕೂತ. ನೀರು ತುಳುಕಿದಾಗೆಲ್ಲ ಅವನೂ ತುಳುಕಿದ. ಬಸ್ಸು ಬಂದು ನಿಂತದ್ದು ಕಾಣುತ್ತಿತ್ತು. ಕೊನೆಯ ಟ್ರಿಪ್ಪೆಂದು ಯಾರೋ ಅದಕ್ಕೆ ಮಾವಿನೆಲೆ ಕಟ್ಟಿದ್ದರು.

ತೀರ್ಥಲಿಂಗಪ್ಪ ಡ್ರೈವರ್ ಸೀಟಿನಲ್ಲೇ ಕೂತಿದ್ದ. ತಲೆ ನರೆತಿತ್ತು. ಹನ್ನೊಂದು ವರ್ಷ ಹಾರನ್ನು ಮಾತ್ರ ಕೇಳಿಸಿಕೊಂಡ ತಮ್ಮನಿಗೆ ಅದು ಹೇಗೆ ಗೊತ್ತಿರಬೇಕು?

ಹಾಲೇಶ ಬಾಗಿಲಲ್ಲಿ ನಿಂತು ಎರಡು ಕೈಯಲ್ಲೂ ಕಾರು ಮುಂದೆ ಹಿಡಿದ. ದಾರಿಯುದ್ದಕ್ಕೂ ಕಟ್ಟಿಕೊಂಡ ಮಾತೆಲ್ಲ ಹೊಳೆಯಲ್ಲೇ ಬಿದ್ದುಹೋಗಿತ್ತು.

ಅಣ್ಣ ಕಾರು ನೋಡಿದ. ಮಡ್ಗಾರ್ಡಿನ ತಗ್ಗು ನೋಡಿದ. ಬಾಗಿಲ ಹಿಡಿಯ ತಂತಿ ನೋಡಿದ. ಆಮೇಲೆ ತಮ್ಮನ ಬೆರಳು ನೋಡಿದ. ಬೆರಳನ್ನೇ ಹೆಚ್ಚು ಹೊತ್ತು ನೋಡಿದ.

“ಬಾಗಿಲು ತೆಗೆಯುತ್ತಾ?” ಎಂದ.

“ತೆಗೆಯುತ್ತಣ್ಣ. ನಾಲ್ಕೂ.”

ತೀರ್ಥಲಿಂಗಪ್ಪ ಕಾರನ್ನು ತೆಗೆದುಕೊಂಡ. ಬಾಗಿಲು ತೆಗೆದು ನೋಡಲಿಲ್ಲ. ಹೆಗಲ ಟವೆಲು ಸುತ್ತಿ ಸ್ಟೇರಿಂಗಿನ ಮುಂದೆ ಇಟ್ಟುಕೊಂಡ. ಗಡಿಯಾರ ನೋಡಿದ. ಹಾರನ್ನು ಹೊಡೆದ. ಬಸ್ಸು ತಿರುಗಿಕೊಂಡು ಹೋಯಿತು.

ಮರಳಿ ಬರುವಾಗ ಹಾಲೇಶ ಹರಿಗೋಲಿನವನಿಗೆ ಒಂದೇ ಪ್ರಶ್ನೆಯನ್ನು ಏಳು ಸಲ ಕೇಳಿದನಂತೆ. ಹದಿನೇಳು ಎಂದು ಹರಿಗೋಲಿನವನ ಮಾತು.

ಗುರುಗಳು ಮೆಟ್ಟಿಲ ಮೇಲೆ ಕೂತು ಪೆಟ್ಟಿಗೆಯ ಚಮಚ ತೊಳೆಯುತ್ತಿದ್ದರು.

“ಕೊಟ್ಟೆಯಾ?”

“ಕೊಟ್ಟೆ ಗುರುಗಳೇ. ‘ಬಾಗಿಲು ತೆಗೆಯುತ್ತಾ?’ ಅಂತ ಕೇಳಿದ. ಅಷ್ಟೇ. ಹಾಗಂದರೇನು? ಮೊದಲಿನ ಹಾಗೇ ಮಾಡಿದ್ದೀಯ ಅಂತಲಾ? ಬಿಚ್ಚೋದು ನಿನಗೆ ಚೆನ್ನಾಗಿ ಬರುತ್ತೆ ಅಂತಲಾ?”

“ಕಾರು ಎಲ್ಲಿಟ್ಟ?”

“ಕಣ್ಣೆದುರಿಗೇ. ಟವೆಲ್ ಸುತ್ತಿ ಇಟ್ಟ. ಜಾರಬಾರದು ಅಂತ ಸುತ್ತಿದನೋ, ಕಾಣಬಾರದು ಅಂತ ಸುತ್ತಿದನೋ? ಗುರುಗಳೇ, ಮಗಳ ಊರಿನ ನಂಬರು ಸಾವಂತ್ರಕ್ಕ ಕೊಡ್ತೀನಿ ಅಂದಿದ್ದಾಳೆ. ಸಂಜೆ ಅಲ್ಲಿಗೆ ಮುಟ್ಟಿರ್ತಾನೆ. ಒಂದು ಸಲ ಫೋನ್ ಮಾಡಿ ಕೇಳ್ಲಾ? ಸಿಟ್ಟು ಹೋಯ್ತಾ ಅಂತ? ಬರೀ ಒಂದು ಸಲ?”

ಗುರುಗಳು ಚಮಚವನ್ನು ಪಂಚೆಯ ಸೆರಗಿನಲ್ಲಿ ಒರೆಸಿದರು. ಹಳದಿ ಪೂರ್ತಿ ಹೋಗಿರಲಿಲ್ಲ. ಹಾಲೇಶನ ಅಂಗೈ ಬಿಡಿಸಿ ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು.

“ಈಗ ತಾನೆ ಬಳಿದು ಬಂದಿದ್ದೀಯಪ್ಪ. ಮುಟ್ಟಬೇಕು ಅನ್ನಿಸಿದಾಗೆಲ್ಲ ಇದನ್ನ ಮುಟ್ಟು.”